ಹನ್ನೆರಡರ ಸೇತುವೆ ಕಾಯ್ದ ತಾಕ್ ಇನ್‌ಬೊಮ್

ಪ್ರಿಯರೇ, ಕೈಯಲ್ಲಿರುವ ಕೆಲಸವನ್ನು ಒಂದಿಷ್ಟು ಬದಿಗಿಟ್ಟು ನನ್ನ ಮಾತಿಗೆ ಕಿವಿಗೊಡಿರಿ. ಇದು ಮಹಾಪುರುಷರ ಚರಿತ್ರೆಯಲ್ಲ. ನಮ್ಮ ಬಾಮ್‌ಗೋಲ್ ಹಳ್ಳಿಯ ಮರದ ಸೇತುವೆಯನ್ನು ಕಾಯುತ್ತಿದ್ದ ನಿವೃತ್ತ ಸಾರ್ಜೆಂಟ್ ತಾಕ್ ಇನ್‌ಬೊಮ್ ಅವರ ಬಾಳಿನ ಸಂಗತಿ. ಅವರು ಒಳ್ಳೆಯ ಮನುಷ್ಯರು. ಈ ಕಥೆಯಲ್ಲಿ ಕೆಟ್ಟವರೆಂಬುವರು ಯಾರೂ ಇಲ್ಲ. ನನ್ನನ್ನು ಇಂದಿಗೂ ನೋಯಿಸುವುದು ಅದೇ.

ಗಡಿಗೆ ಹತ್ತಿರದ ನಮ್ಮ ಊರುಗಳಲ್ಲಿ ಸೈನ್ಯದ ಲಾರಿಗಳ ಮುಂಭಾಗದಲ್ಲಿ ದುಂಡನೆಯ ಹಳದಿ ಬಿಲ್ಲೆಯೊಂದಿರುತ್ತದೆ, ಅದರೊಳಗೆ ಭಾರದ ದರ್ಜೆ ತೋರಿಸುವ ಕಪ್ಪು ಅಂಕಿ. ಸೇತುವೆಯ ಬಾಯಲ್ಲಿಯೂ ಅಂಥದ್ದೇ ಬಿಲ್ಲೆ. ಲಾರಿಯ ಅಂಕಿ ಸೇತುವೆಯ ಅಂಕಿಯನ್ನು ಮೀರಿದರೆ ದಾಟುವಂತಿಲ್ಲ. ನಮ್ಮ ಸೇತುವೆಯದು ಹನ್ನೆರಡು. ಇಲ್ಲಿಯ ದಳದ ದೊಡ್ಡ ಲಾರಿಗಳ ಬಿಲ್ಲೆಗೆ ಎರಡು ಮುಖ: ತುಂಬಿದಾಗ ಹದಿನೆಂಟು, ಖಾಲಿಯಾದಾಗ ಹತ್ತು. ಸರಕು ಇಳಿಸಿದ ಮೇಲೆ ಚಾಲಕನೇ ಅದನ್ನು ಮಗುಚಿ ಹಾಕಬೇಕು.

ತಾಕ್ ಅವರಿಗೆ ಆ ಅಂಕಿ ಬರಿಯ ಬಣ್ಣವಾಗಿರಲಿಲ್ಲ. ಯುದ್ಧದ ಕಾಲದಲ್ಲಿ, ಮಿತಿಮೀರಿ ಹೇರಿದ ಲಾರಿಯೊಂದು ದೋಣಿಸೇತುವೆಯನ್ನು ಮುಳುಗಿಸಿದ್ದನ್ನೂ, ಹಿಂದೆ ನಡೆದು ಬರುತ್ತಿದ್ದ ನಿರಾಶ್ರಿತರು ನೀರುಪಾಲಾದದ್ದನ್ನೂ ಅವರು ದಡದಲ್ಲಿ ನಿಂತು ಕಂಡಿದ್ದರು. ಆದ್ದರಿಂದಲೇ ಕರ್ನಲ್ ಬಂದರೂ ಅವರು ಬಿಲ್ಲೆ ನೋಡದೆ ಅಡ್ಡಗಂಬ ಎತ್ತುತ್ತಿರಲಿಲ್ಲ.

ಅವರನ್ನು ಗೇಲಿ ಮಾಡುವ ಧೈರ್ಯವಿದ್ದದ್ದು ಒಬ್ಬಳಿಗೇ. ಆಕೆ ವಿಧವೆ ಓಕ್‌ಬುನ್. ಸೋಯಾ ಕಾಳಿನ ಹಾಲು ಒಡೆಸಿ ತೊಫು ಮಾಡಿ ಆಚೆ ದಡದ ಪೇಟೆಯಲ್ಲಿ ಮಾರುತ್ತಿದ್ದಳು. ತಲೆಯ ಮೇಲೆ ಬೋಗುಣಿ ಹೊತ್ತು ಪ್ರತಿ ಬೆಳಿಗ್ಗೆ ಕಾವಲುಕೋಣೆಯ ಮುಂದೆ ನಿಲ್ಲುವಳು.

"ಸಾರ್ಜೆಂಟಣ್ಣ, ನನ್ನ ಹಣೆ ಮೇಲೆ ಎಷ್ಟು ಬರ್ದೈತೆ, ನೋಡಿ ಹೇಳಿ!"

"ಬೋಗುಣಿ ತುಂಬಿದ್ರೆ ಎರಡು, ಬಾಯಿ ಬಿಟ್ರೆ ಇಪ್ಪತ್ತು. ಬಾಯಿ ಮುಚ್ಕೊಂಡು ದಾಟಮ್ಮ, ಸೇತುವೆ ಮುರಿದೀತು."

"ಬಾಯಿ ಮುಚ್ಚಿದ್ರೆ ತೊಫು ಕೂಗಿ ಮಾರೋರು ಯಾರು, ನೀವಾ? ನಿಮ್ಮ ಮುಖ ನೋಡಿದ್ರೆ ತೊಫು ಹುಳಿಯಾಗತ್ತೆ!"

ಹೀಗೆಂದು, ಬಿಸಿ ತೊಫುವಿನ ಒಂದು ತುಂಡನ್ನು ಕಿಟಕಿಯಲ್ಲಿಟ್ಟು ಹೋಗುವಳು. ತಾಕ್ ಒಂಟಿ ಜೀವ. ಆ ತುಂಡೇ ಅವರ ಬೆಳಗಿನ ಊಟ.

ಒಂದು ಜೂನ್ ತಿಂಗಳಲ್ಲಿ ಬೊಂಗ್ ಸೂಚೊಲ್ ಎಂಬ ಚಾಲಕ ತಾಕ್ ಅವರನ್ನು ವಂಚಿಸಿದ. ದೂರದ ಕಾಂಕ್ರೀಟ್ ಸೇತುವೆಯ ಸುತ್ತುದಾರಿಗೆ ಬೇಸರಪಟ್ಟು, ಲಾರಿಯ ತುಂಬ ಸಿಮೆಂಟಿದ್ದರೂ ಬಿಲ್ಲೆಯನ್ನು ಹತ್ತಕ್ಕೆ ಮಗುಚಿ, "ಖಾಲಿ ಲಾರಿ ಸಾರ್, ಊರಲ್ಲಿ ಅಜ್ಜಿ ಸಾಯ್ತಾವ್ಳೆ, ಬೇಗ ಬಿಡಿ" ಎಂದ. ತಾಕ್ ನಂಬಿದರು. ಲಾರಿ ನಡುವಿಗೆ ಬಂದಾಗ ತೊಲೆಯೊಂದು ಬಿರಿಯಿತು; ಲಾರಿ ಮಾತ್ರ ಹೇಗೋ ದಾಟಿಹೋಯಿತು. ಅಧಿಕಾರಿಗಳ ಬೈಗುಳವನ್ನೆಲ್ಲ ತಾಕ್ ತಾವೇ ನುಂಗಿದರು. ಹುಡುಗನ ಬಾಳು ಹಾಳಾಗದಿರಲೆಂದು ಅವನ ಹೆಸರು ಹೇಳಲಿಲ್ಲ. ಆದರೆ ಮರೆಯಲಿಲ್ಲ.

ಜುಲೈ ತಿಂಗಳ ಮಳೆ. ಒಂದು ಮಧ್ಯಾಹ್ನ ಹಳ್ಳಿಯ ಕಡೆಯಿಂದ ಬೊಂಗ್‌ನ ಲಾರಿ ಬಂದು ಅಡ್ಡಗಂಬದ ಮುಂದೆ ನಿಂತಿತು. ಹಿಂಭಾಗಕ್ಕೆ ಟಾರ್ಪಾಲು ಬಿಗಿದಿತ್ತು. ಬಿಲ್ಲೆ ಹತ್ತು ಎನ್ನುತ್ತಿತ್ತು.

"ಸಾರ್ಜೆಂಟ್ರೇ, ಗಂಬ ಎತ್ತಿ! ಹಿಂದೆ ಕಾಯಿಲೆಯವ್ರು ಮಲಗಿದಾರೆ, ಆಸ್ಪತ್ರೆಗೆ!"

ತಾಕ್ ಕಿಟಕಿಯನ್ನು ಬೆರಳಗಲ ತೆರೆದರು. "ಈ ಸಲ ಯಾರಪ್ಪಾ? ಅಜ್ಜಿನೋ, ಅಜ್ಜಿಯ ಅಜ್ಜಿನೋ?"

"ಯಾರೋ ಹೆಂಗಸು ಸಾರ್, ಹೆಸರು ಗೊತ್ತಿಲ್ಲ. ಮರಳುಚೀಲ ಇಳಿಸಿ ವಾಪಸ್ ಬರ್ತಿದ್ದೆ, ಮುದುಕಿ ಒಬ್ಳು 'ಇವಳನ್ನ ಉಳ್ಸಿ' ಅಂತ ರಸ್ತೆಗೆ ಅಡ್ಡ ಬಿದ್ಲು. ಲಾರಿ ಖಾಲಿ! ಬಿಲ್ಲೆ ನೋಡಿ!"

"ಆವತ್ತೂ ಬಿಲ್ಲೆ ಹತ್ತೇ ಅಂದಿತ್ತು."

"ಟಾರ್ಪಾಲು ಎತ್ತಿ ನೋಡಿ ಸಾರ್! ಮಂಡಿಯೂರಿ ಕೇಳ್ಕೋತೀನಿ!"

"ಇಳಿದ್ರೆ ನೋಡ್ಬೇಕಾಗತ್ತೆ, ನೋಡಿದ್ರೆ ಮೇಲಿನವ್ರಿಗೆ ಹೇಳ್ಬೇಕಾಗತ್ತೆ. ನಿನ್ನ ಮೇಲಿನ ಕನಿಕರಕ್ಕೇ ಇಳೀತಿಲ್ಲ ಕಣೋ. ಸುಮ್ನೆ ಕಾಂಕ್ರೀಟ್ ಸೇತುವೆ ಕಡೆಯಿಂದ ಸುತ್ತಿ ಹೋಗು."

ಕಿಟಕಿ ಮುಚ್ಚಿತು. ಬೊಂಗ್ ಬಾಗಿಲು ಬಡಿದ; ಉತ್ತರ ಬಾರದಿದ್ದಾಗ, ಇನ್ನೂ ಹೊತ್ತು ಕಳೆಯಲಂಜಿ ಲಾರಿಯನ್ನು ಹಿಂದಕ್ಕೆ ತಿರುಗಿಸಿದ. ಮಳೆಯ ಮತ್ತು ಹೊಳೆಯ ಅಬ್ಬರದಲ್ಲಿ, ಟಾರ್ಪಾಲಿನ ಒಳಗಿದ್ದವರಿಗೆ ಲಾರಿ ಏಕೆ ನಿಂತಿತೆಂಬುದೂ ತಿಳಿಯಲಿಲ್ಲ.

ಸುತ್ತುದಾರಿಯಲ್ಲಿ ಗುಡ್ಡ ಜರಿದಿತ್ತು. ಸೈನಿಕರು ಮಣ್ಣು ತೆಗೆಯುವಷ್ಟರಲ್ಲಿ ಆ ಹೆಂಗಸಿನ ಉಸಿರು ನಿಂತಿತ್ತು. ಕರುಳಿನ ಬಾವು ಒಡೆದಿತ್ತೆಂದೂ, ಬೇಗ ತಂದಿದ್ದರೆ ಉಳಿಸಬಹುದಿತ್ತೆಂದೂ ವೈದ್ಯರು ಹೇಳಿದರು.

ಮರುದಿನ ಕಿಟಕಿಯಲ್ಲಿ ತೊಫು ಇರಲಿಲ್ಲ. ತಾಕ್ ದಾರಿಹೋಕನೊಬ್ಬನನ್ನು ಕೇಳಿದರು: "ಏನಯ್ಯಾ, ಓಕ್‌ಬುನ್ ಇವತ್ತು ಸೋಮಾರಿಯಾದ್ಲಾ?"

"ನಿಮಗೆ ಗೊತ್ತಾಗ್ಲಿಲ್ವಾ? ನಿನ್ನೆ ಮಿಲಿಟರಿ ಲಾರಿಯಲ್ಲೇ ತೀರ್ಕೊಂಡ್ಲಲ್ಲ, ಪಾಪ. ಅತ್ತೆ ತೊಡೆ ಮೇಲೆ."

ತಾಕ್ ಗಂಬಕ್ಕೆ ಆತುಕೊಂಡು ನಿಂತರು. ಬಹಳ ಹೊತ್ತು ಯಾವ ಲಾರಿಗೂ ಅದು ಮೇಲೇಳಲಿಲ್ಲ.

ಸಾವಿನ ಮನೆಯಲ್ಲಿ ಓಕ್‌ಬುನ್‌ಳ ಅತ್ತೆ, ಬಂದವರಿಗೆಲ್ಲ ಬಡಿಸುವಂತೆ ತಾಕ್ ಅವರ ಮುಂದೆಯೂ ಖಾರದ ಸಾರು ಮತ್ತು ಅನ್ನವನ್ನಿಟ್ಟಳು. ಅವರು ಅದನ್ನು ಸರಿಸಿ, ಹಣೆ ನೆಲಕ್ಕೆ ಹಚ್ಚಿ, ನಡೆದುದನ್ನು ಹೇಳಿದರು. ಮೂಲೆಯಲ್ಲಿ ಕುಳಿತಿದ್ದ ಬೊಂಗ್ ಎದ್ದು ಬಂದ.

"ಅಜ್ಜಿ, ಇವರೊಬ್ರದೇ ತಪ್ಪಲ್ಲ. ಆವತ್ತು ನಾನು ಸುಳ್ಳು ಹೇಳದೇ ಇದ್ದಿದ್ರೆ ಇವ್ರು ನಂಬ್ತಿದ್ರು."

ಮುದುಕಿ ಇಬ್ಬರನ್ನೂ ನೋಡಿದಳು. "ಅವನು ಆವತ್ತು ಸುಳ್ಳು ಹೇಳ್ದ, ಸರಿ. ನಿನ್ನೆ ನಿಜ ಹೇಳಿದ್ನಲ್ಲಪ್ಪ? ನಾಲ್ಕು ಹೆಜ್ಜೆ ಇಳಿದು ಬಂದಿದ್ರೆ ಅವಳ ಮುಖ ಕಾಣ್ತಿತ್ತು ನಿನಗೆ. ಕ್ಷಮಿಸ್ತೀನಿ ಅನ್ನೋಕೆ ನನ್ನ ನಾಲಿಗೆ ಏಳ್ತಿಲ್ಲ. ಅಳಬೇಡ. ಇನ್ಮೇಲಾದ್ರೂ ಎದ್ದು ನೋಡು."

ಸೈನ್ಯ ತಾಕ್ ಅವರನ್ನು ಶಿಕ್ಷಿಸಲಿಲ್ಲ. ಸಂಶಯ ಬಂದರೆ ತಡೆಯುವ ಅಧಿಕಾರ ಕಾವಲುಗಾರನಿಗಿತ್ತು. ಬೊಂಗ್ ಸೇವೆ ಮುಗಿಸಿ ತನ್ನೂರಿಗೆ ಹೋದ. ತಾಕ್ ಮಾತ್ರ ಅಂದಿನಿಂದ ಮಳೆಯಿರಲಿ, ಹಿಮವಿರಲಿ, ಪ್ರತಿ ಲಾರಿಗೂ ಇಳಿದು ಬಂದು ಟಾರ್ಪಾಲು ಎತ್ತಿ ನೋಡಿದರು. "ಮುದುಕನಿಗೆ ಹುಚ್ಚು ಹಿಡೀತು, ಇವನ ಕೋಳಿ ಯಾರೋ ಕದ್ದಿರ್ಬೇಕು" ಎಂದು ಚಾಲಕರು ನಕ್ಕರು. ನಮ್ಮ ಪ್ರಾರ್ಥನಾಮಂದಿರದ ಹಿಂದಿನ ಸಾಲಿನಲ್ಲಿ ಹಲವು ವರ್ಷ ಅವರ ಪಕ್ಕದಲ್ಲಿ ಕುಳಿತವನು ನಾನು. ಎಲ್ಲರೂ ದೇವರಲ್ಲಿ ಏನೇನೋ ಬೇಡುತ್ತಿದ್ದಾಗ, ಅವರು ಬೇಡುತ್ತಿದ್ದದ್ದು ಆ ಮಧ್ಯಾಹ್ನವನ್ನು ಮರಳಿ ಕೊಡೆಂದು. ಅದೊಂದನ್ನು ದೇವರು ಯಾರಿಗೂ ಕೊಡುವುದಿಲ್ಲ. ಅತ್ತೆ ಸಾಯುವವರೆಗೆ ಅವಳ ಒಲೆಗೆ ಸೌದೆ ಒಡೆದುಕೊಟ್ಟರು; ಕ್ಷಮೆಯ ಮಾತು ಅವಳ ಬಾಯಿಂದ ಕೊನೆಗೂ ಬರಲಿಲ್ಲ, ಅವರು ಕೇಳಲೂ ಇಲ್ಲ.

ಮೋಸಹೋದವನು ಎಚ್ಚರವಾಗುವುದು ಪಾಪವಲ್ಲ, ಪ್ರಿಯರೇ. ಆದರೆ ಎಚ್ಚರವು ಎದ್ದು ಹೋಗಿ ನೋಡುತ್ತದೆ. ಮುನಿಸು ಕುಳಿತಲ್ಲಿಯೇ ತೀರ್ಪು ಕೊಡುತ್ತದೆ, ಮತ್ತು ತನ್ನನ್ನು ಕನಿಕರವೆಂದು ಕರೆದುಕೊಳ್ಳುತ್ತದೆ. ನಿಮಗೊಮ್ಮೆ ಸುಳ್ಳು ಹೇಳಿದವನು ನಾಳೆ ನಿಮ್ಮ ಬಾಗಿಲಿಗೆ ಬಂದಾನು. ಅವನನ್ನು ಕಣ್ಣುಮುಚ್ಚಿ ನಂಬಿರಿ ಎನ್ನಲಾರೆ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬನ್ನಿರಿ, ನೆನೆದರೂ ಚಿಂತೆಯಿಲ್ಲ. ಅವನು ತಂದದ್ದನ್ನು ನಿಮ್ಮ ಕೈಯಾರೆ ಮುಸುಕು ತೆಗೆದು ನೋಡಿರಿ.