ಕಾಫಿ ಹೊತ್ತಿನ ನೀರು

ತಪಾಸಣೆಗೆ ಇನ್ನೂ ಹದಿನೆಂಟು ದಿನ ಇರುವಾಗಲೇ ಯೋರ್ಡಿಸ್ ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಳು. ಅರವತ್ತನಾಲ್ಕು ವರ್ಷದ ಹೆಂಗಸು ಒಂದು ಕಡೆ ಕೂತದ್ದನ್ನು ಕಂಡವರಿಲ್ಲ. ಅವಳ ಕೋಣೆಯಲ್ಲಿ ಹಸಿರು ಬಣ್ಣದ ಒಳ್ಳೆಯ ಕುರ್ಚಿಯೊಂದಿತ್ತು. ಅದರ ಮೇಲೆ ಯಾವಾಗಲೂ ಕಡತಗಳೇ ಕೂತಿರುತ್ತಿದ್ದವು.

ನಮ್ಮದು ಸ್ಮೋಲಂಡ್ ಸೀಮೆಯ ಕಾಡಿನೊಳಗಿನ ಸಣ್ಣ ಕಾರ್ಖಾನೆ, ಇಪ್ಪತ್ತಾರು ಜನ. ಬಾಗಿಲ ಚಿಲಕ, ತಿರುಗಣಿ, ಬೋಲ್ಟುಗಳಿಗೆ ಸತುವಿನ ಲೇಪ ಕೊಡುತ್ತೇವೆ. ತೊಟ್ಟಿಗಳ ಸಾಲನ್ನು ನಡೆಸುವವನು ನಾನು. ಆ ತೊಟ್ಟಿಗಳಿಂದ ಹೊರಹೋಗುವ ನೀರು, ಹೊಗೆ, ಕೆಸರು ಎಲ್ಲದರ ಲೆಕ್ಕ ಇಡುವವಳು ಯೋರ್ಡಿಸ್. ಇಪ್ಪತ್ತೆರಡು ವರ್ಷದಿಂದ ನಗರಸಭೆಯ ಪರಿಸರ ಕಚೇರಿಯವರು ಬಂದು ಹೋದಮೇಲೆ ಬರುವ ಪತ್ರದಲ್ಲಿ ಒಂದೇ ಮಾತು ಇರುತ್ತಿತ್ತು: ಆಕ್ಷೇಪಣೆ ಇಲ್ಲ. ಸೆಪ್ಟೆಂಬರ್ ಕೊನೆಗೆ ಅವಳ ನಿವೃತ್ತಿ. ಆಗಸ್ಟಿನ ಈ ತಪಾಸಣೆಯೇ ಕೊನೆಯದು.

ಹಾಗಾಗಿ ನಮ್ಮ ಜೀವ ಹಿಂಡಿದಳು. ಪ್ರತಿ ಡ್ರಮ್ಮಿಗೂ ಹೊಸ ಚೀಟಿ, ಪ್ರತಿ ಡ್ರಮ್ಮಿನ ಕೆಳಗೂ ಸೋರಿದರೆ ಹಿಡಿಯಲು ತಟ್ಟೆ. ನಾನು ಕೈಚೀಲ ಕೆಳಗಿಟ್ಟರೆ ಅದಕ್ಕೂ ಚೀಟಿ ಅಂಟಿಸುತ್ತಾಳೋ ಅನ್ನುವ ಭಯ. ಎಲ್ಲಕ್ಕಿಂತ ದೊಡ್ಡ ಜಗಳ ನಡೆದದ್ದು ಹಿಂಬದಿ ಶೆಡ್ಡಿನ 'ಇದ್ದರೆ ಒಳ್ಳೇದು' ಗೋಡೆಯ ಮುಂದೆ. ಇಲ್ಲಿ ಎಲ್ಲರ ಮನೆಯಲ್ಲೂ ಆ ಹೆಸರಿನ ಒಂದು ಸೆಳೆಖಾನೆ ಇರುತ್ತದೆ: ತುಂಡು ದಾರ, ಬೀಗವಿಲ್ಲದ ಕೀಲಿಕೈ, ಒಂಟಿ ಸ್ಕ್ರೂ. ನಮ್ಮ ಮಾಲೀಕ ಟೋರ್ಕೆಲ್ ತನ್ನ ಅಜ್ಜನ ಹಾಗೆ ಇಡೀ ಗೋಡೆಯನ್ನೇ ಅದಕ್ಕೆ ಬಿಟ್ಟಿದ್ದ.

"ಈ ಆಸಿಡ್ ಡಬ್ಬದ ಮೇಲೆ ಹೆಸರೇ ಅಳಿಸಿಹೋಗಿದೆ. ಎಸೀತೀನಿ" ಅಂದಳು ಯೋರ್ಡಿಸ್.

"ಇರ್ಲಿ ಬಿಡೇ" ಅಂದ ಟೋರ್ಕೆಲ್. "ಇದ್ರೆ ಒಳ್ಳೇದು."

"ಯಾವತ್ತು ಬೇಕಾಗುತ್ತೆ?"

"ಬೇಕಾದ ದಿನ ಗೊತ್ತಾಗುತ್ತೆ."

"ಆ ದಿನ ಬಂದಾಗ ನಿಮ್ಮಜ್ಜನ್ನೇ ಕರ್ಸು, ಒಳಗೇನಿದೆ ಅಂತ ಅವನೇ ಹೇಳ್ಬೇಕು" ಅಂದವಳೇ ಡಬ್ಬವನ್ನು ಅಪಾಯಕಾರಿ ಕಸದ ಗಾಡಿಗೆ ಹಾಕಿಸಿದಳು. ಸಂಜೆಯೊಳಗೆ ಗೋಡೆ ಪೂರ್ತಿ ಖಾಲಿಯಾಯಿತು.

ಹೀಗೆ ಊರೆಲ್ಲ ಗುಡಿಸಿದವಳ ಕಾಲಡಿಗೇ ಮುಳ್ಳು ಬಿದ್ದಿತ್ತು ಅನ್ನುವುದು ಒಂದು ಬುಧವಾರ ಗೊತ್ತಾಯಿತು.

ಪರಿಸರ ಕಚೇರಿಗೆ ಲೋವಿಸಾ ಎಂಬ ಹೊಸ ಅಧಿಕಾರಿ ಬಂದಿದ್ದಳು. ಮುಂಚಿತವಾಗಿ ತುಂಬಿಡಲು ಒಂದು ನಮೂನೆ ಕಳಿಸಿದ್ದಳು. ಹಳೆಯ ನಮೂನೆಯಲ್ಲಿ ನೀರಿನ ಮಾದರಿ ತೆಗೆದ ದಿನಾಂಕ ಮಾತ್ರ ಕೇಳುತ್ತಿದ್ದರು. ಇದರಲ್ಲಿ ಹೊತ್ತು ಎಂದು ಇನ್ನೊಂದು ಕಾಲಮ್ ಇತ್ತು. ಯೋರ್ಡಿಸ್‌ಗೆ ಖುಷಿಯೋ ಖುಷಿ. ಯಾರೂ ಕೇಳದಿದ್ದರೂ ಅವಳು ತನ್ನ ಡೈರಿಯಲ್ಲಿ ಹೊತ್ತನ್ನೂ ಬರೆದಿಟ್ಟವಳು. ಕೋಣೆಯಲ್ಲಿ ಅಡ್ಡಾಡುತ್ತ ಓದತೊಡಗಿದಳು, ನಾನು ತುಂಬುತ್ತ ಹೋದೆ. ಒಂಬತ್ತು ಇಪ್ಪತ್ತು. ಒಂಬತ್ತು ಇಪ್ಪತ್ತು. ಒಂಬತ್ತು ಇಪ್ಪತ್ತು.

"ನೋಡ್ದೇನೋ? ಚರ್ಚಿನ ಗಡಿಯಾರ ನನ್ನ ನೋಡಿ ಹೊತ್ತು ಸರಿ ಮಾಡ್ಕೋಬೇಕು" ಅಂದಳು. ನಾನು ನಕ್ಕೆ. ಅವಳೂ ನಕ್ಕಳು. ಆಮೇಲೆ ಅವಳ ನಗೆ ಅರ್ಧಕ್ಕೇ ನಿಂತಿತು.

"ಒಂಬತ್ತಕ್ಕೆ ನೀನು ಏನ್ಮಾಡ್ತೀಯ?"

"ಫೀಕಾ. ಮತ್ತೇನು?"

"ಕಾಫಿಗೆ ಹೋಗೋ ಮುಂಚೆ?"

"ಸಾಲು ನಿಲ್ಲಿಸ್ತೀನಿ. ತೊಳೆಯೋ ನೀರು ಬಂದ್ ಮಾಡ್ತೀನಿ" ಅಂದೆ. ಹೇಳುತ್ತಿರುವಾಗಲೇ ನನಗೂ ಹೊಳೆಯಿತು.

ಒಂಬತ್ತರಿಂದ ಒಂಬತ್ತೂವರೆ ನಮ್ಮಲ್ಲಿ ಕಾಫಿಯ ಹೊತ್ತು. ಆಕಾಶ ಕಳಚಿ ಬಿದ್ದರೂ ಎಲ್ಲರ ಕೈಯಲ್ಲೂ ಲೋಟ ಇರಬೇಕು. ನಲ್ಲಿಯ ಪಕ್ಕ ಟೋರ್ಕೆಲ್‌ನ ಅಜ್ಜ ಬರೆಸಿದ ಹಲಗೆ ಈಗಲೂ ಇದೆ: ನೀವು ಕುಡಿಯುವಾಗ ನಲ್ಲಿ ಕುಡಿಯದಿರಲಿ. ನೀರು ಪೋಲಾಗಬಾರದು ಅಂತ. ಹದಿನಾರು ವರ್ಷದಿಂದ ನಾನೇ ಆ ನಲ್ಲಿ ನಿಲ್ಲಿಸುತ್ತಿದ್ದೆ. ಇಪ್ಪತ್ತು ನಿಮಿಷದಲ್ಲಿ ಕೊನೆಯ ತೊಟ್ಟಿಯ ನೀರು ಅಲುಗಾಡದೆ ನಿಂತು, ಕೆಸರು ತಳಕ್ಕೆ ಇಳಿದು, ಹೊಳೆಗೆ ಬೀಳುವ ಕೊಳವೆಯಲ್ಲಿ ಸಣ್ಣಗೆ ತಿಳಿನೀರು ಜಿನುಗುತ್ತಿರುತ್ತದೆ. ಮಂಗಳವಾರ ಮತ್ತು ಶುಕ್ರವಾರ ಯೋರ್ಡಿಸ್ ಫ್ಲಾಸ್ಕು, ದಾಲ್ಚಿನ್ನಿ ಬನ್ನು ಹಿಡಿದು ಅಲ್ಲಿಗೆ ಹೋಗುತ್ತಿದ್ದಳು. ಬಾಟಲಿ ತುಂಬಿ, ಹೊಳೆಯ ಪಕ್ಕ ನಿಂತೇ ಕಾಫಿ ಕುಡಿದು ಬರುತ್ತಿದ್ದಳು. ಬೇರೆ ಹೊತ್ತಿನಲ್ಲಿ ಅವಳಿಗೆ ಪುರುಸೊತ್ತು ಎಲ್ಲಿತ್ತು? ಮೋಸ ಮಾಡಬೇಕೆಂದು ಯಾರೂ ಮಾಡಲಿಲ್ಲ. ಇಪ್ಪತ್ತೆರಡು ವರ್ಷ ನಾವು ಅಳೆದದ್ದು ಕಾಫಿ ಹೊತ್ತಿನ ನೀರನ್ನು.

ಮರುದಿನ ಹತ್ತೂವರೆಗೆ, ಸಾಲು ಜೋರಾಗಿ ಓಡುತ್ತಿರುವಾಗ, ಅವಳು ಬಾಟಲಿ ತುಂಬಿದಳು. ನೀರು ಅಕ್ಕಿ ತೊಳೆದ ಹಾಗಿತ್ತು. ಪ್ರಯೋಗಾಲಯದ ಉತ್ತರ ಬರಲು ಐದು ದಿನ ಹಿಡಿಯಿತು. ಆ ಐದು ದಿನ ಅವಳು ಎಲ್ಲೂ ನಿಲ್ಲಲಿಲ್ಲ. ಗುಡಿಸಿದ್ದನ್ನೇ ಗುಡಿಸಿದಳು, ಅಂಟಿಸಿದ ಚೀಟಿಯನ್ನು ಕಿತ್ತು ನೆಟ್ಟಗೆ ಅಂಟಿಸಿದಳು. ಉತ್ತರ ಬಂತು. ಸತು ಲೀಟರಿಗೆ ಅರ್ಧ ಮಿಲಿಗ್ರಾಂ ಮೀರಬಾರದು. ಇದ್ದದ್ದು ಎರಡಕ್ಕೆ ಸ್ವಲ್ಪ ಕಡಿಮೆ.

ಟೋರ್ಕೆಲ್ ಕೆಟ್ಟವನಲ್ಲ. ಓದಿ ತಲೆಮೇಲೆ ಕೈ ಹೊತ್ತು ಕೂತ. "ಹೊಸ ಫಿಲ್ಟರ್ ಹಾಕಿಸ್ತೀನಿ, ನಾಳೆನೇ ಫೋನ್ ಮಾಡ್ತೀನಿ. ಇನ್ಮೇಲೆ ಹತ್ತೂವರೆಗೇ ತೆಗಿ. ಆದ್ರೆ ಹಳೇದನ್ನ ಕೆದಕಬೇಡ್ವೇ. ಆ ಕಾಲಮ್ ಖಾಲಿ ಬಿಡು. ಇನ್ನೊಂದು ತಿಂಗಳಿಗೆ ನೀನು ಮನೆಗೆ ಹೋಗ್ತೀಯ. ಇಷ್ಟು ವರ್ಷದ ಹೆಸರನ್ನ ನೀನೇ ಹಾಳ್ಮಾಡ್ಕೋತೀಯಾ?"

"ನನ್ನ ಹೆಸರು ಹಾಳಾಗಿ ಹೋಗ್ಲಿ" ಅಂದಳು. "ಸಿಕ್ಸ್‌ಟೆನ್‌ಗೆ ಏನಂತ ಹೇಳ್ಲಿ?"

ಆ ಕಥೆ ಊರಿಗೆಲ್ಲ ಗೊತ್ತು.

ಸಿಕ್ಸ್‌ಟೆನ್ ಅವಳ ಅಣ್ಣ. ಕಾರ್ಖಾನೆಯಿಂದ ಒಂದು ಮೈಲಿ ಕೆಳಗೆ, ಹೊಳೆಯ ದಂಡೆಯಲ್ಲೇ ಅವನ ಮನೆ. ಆ ಹೊಳೆಯಲ್ಲಿ ಏಡಿಯ ಹಾಗೆ ಕೊಂಡಿಗೈ ಇರುವ ಸಿಗಡಿ ಸಿಗುತ್ತಿತ್ತು. ಆಗಸ್ಟಿನಲ್ಲಿ ಬುಟ್ಟಿ ಇಳಿಸಿ ಹಿಡಿದು, ಸಬ್ಬಸಿಗೆ ಹೂವಿನ ಜೊತೆ ಉಪ್ಪುನೀರಲ್ಲಿ ಬೇಯಿಸಿ, ಬಂಧುಬಳಗವೆಲ್ಲ ಕಾಗದದ ಟೊಪ್ಪಿ ಹಾಕಿಕೊಂಡು ಅವನ ಅಂಗಳದಲ್ಲಿ ತಿನ್ನುತ್ತಿದ್ದರು. ವರ್ಷದಿಂದ ವರ್ಷಕ್ಕೆ ಅವು ಕಡಿಮೆಯಾದವು. ಹನ್ನೆರಡು ವರ್ಷದ ಹಿಂದೆ, ಬುಟ್ಟಿಗೆ ಏಳೇ ಏಳು ಬಿದ್ದ ದಿನ, ಎಲ್ಲರ ಮುಂದೆ ಅವನು ಹೇಳಿದ: "ನಿಮ್ಮ ನೀರು ಸರಿ ಇಲ್ಲ ಕಣೇ. ಹತ್ತೂವರೆಗೆ ಬಂದು ನೋಡು, ಹೊಳೆ ಹಾಲಿನ ಥರ ಹರಿಯುತ್ತೆ."

ಯೋರ್ಡಿಸ್ ಕಾರಿನಿಂದ ಕಡತ ತಂದು ಸಿಗಡಿಯ ತಟ್ಟೆಗಳ ನಡುವೆ ಬಡಿದಳಂತೆ. "ಹತ್ತೂವರೆಗೆ ನನಗೆ ಕೆಲಸ ಇರುತ್ತೆ. ಇಲ್ಲಿದೆ ಹತ್ತು ವರ್ಷದ ಲೆಕ್ಕ. ಓದೋಕೆ ಬರುತ್ತೇನೋ ಸುಳ್ಳುಗಾರ?"

ಅವನು ಟೊಪ್ಪಿ ತೆಗೆದಿಟ್ಟು ಒಳಗೆ ಹೋದ. ಅಂದಿನಿಂದ ಮಾತಿಲ್ಲ. ಮುಂದಿನ ವರ್ಷ ಹೊಳೆಯಲ್ಲಿ ಒಂದೂ ಸಿಗಲಿಲ್ಲ. ರೋಗ ಬಂತು ಅಂದರು ಕೆಲವರು. ಸತುವೋ ರೋಗವೋ, ಸತ್ತ ಸಿಗಡಿ ಬಂದು ಹೇಳುವುದಿಲ್ಲ.

ತಪಾಸಣೆಯ ಹಿಂದಿನ ದಿನ ಮಧ್ಯಾಹ್ನ ಅವಳು ನನ್ನ ಮುಂದೆ ಬಂದು ನಿಂತಳು. "ನಡಿ. ನಲ್ಲಿ ನಿಲ್ಲಿಸ್ದೋನು ನೀನು, ನೀನೂ ಬಾ." ದಾರಿಯುದ್ದಕ್ಕೂ ಕಾರಿನ ಕಿಟಕಿಯನ್ನು ಇಳಿಸಿದಳು, ಏರಿಸಿದಳು, ಮತ್ತೆ ಇಳಿಸಿದಳು.

ಸಿಕ್ಸ್‌ಟೆನ್ ಸೌದೆ ಜೋಡಿಸುತ್ತಿದ್ದ. ಕೈಗವಸು ಕಳಚದೆ ತಂಗಿಯನ್ನು ನೋಡಿದ. ಅವಳು ಪ್ರಯೋಗಾಲಯದ ಕಾಗದವನ್ನು ಮುಂದೆ ಹಿಡಿದಳು. "ನೀನು ಹೇಳಿದ್ದೇ ಸರಿ ಕಣೋ. ನಾನು ಕಾಫಿ ಹೊತ್ತಲ್ಲಿ ನೀರು ತೆಗೀತಿದ್ದೆ. ಸಾಲು ನಿಂತಿರ್ತಿತ್ತು. ನನ್ನ ತಲೆಗೆ ಹೊಳೀಲಿಲ್ಲ. ಎಲ್ಲರ ಮುಂದೆ ನಿನ್ನ ಸುಳ್ಳುಗಾರ ಅಂದೆ."

ಅವನು ಎರಡು ಸಲ ಓದಿದ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಕೈಗವಸು ಕಳಚಿ ಒಳಗೆ ಹೋದ. ಅಡುಗೆಮನೆಯ ಸೆಳೆಖಾನೆ ಎಳೆದ ಸದ್ದು ಕೇಳಿತು. ದಾರದ ಉಂಡೆ, ಕೀಲಿಕೈಗಳ ಕೆಳಗಿಂದ ತೆಗೆದ ಒಂದು ಹಳೆಯ ಲಕೋಟೆಯನ್ನು ತಂದು ಅವಳ ಕೈಗಿಟ್ಟ.

ಅದೇ ಪ್ರಯೋಗಾಲಯದ ಕಾಗದ. ಹನ್ನೆರಡು ವರ್ಷ ಹಳೆಯದು. ಮಾದರಿ ತೆಗೆದವರು ಸಿಕ್ಸ್‌ಟೆನ್, ಜಾಗ ನಮ್ಮ ಕಾರ್ಖಾನೆಯ ಕೊಳವೆ, ಹೊತ್ತು ಹತ್ತೂವರೆ. ಸತು ಎರಡಕ್ಕೆ ಸ್ವಲ್ಪ ಹೆಚ್ಚು.

"ಇದು ನಿನ್ನ ಹತ್ರ ಇತ್ತಾ?" ಅಂದಳು ಯೋರ್ಡಿಸ್. "ನನ್ನ ಮುಖಕ್ಕೆ ಯಾಕೋ ಎಸೀಲಿಲ್ಲ? ಕಚೇರಿಗೆ ಯಾಕೆ ಕಳಿಸ್ಲಿಲ್ಲ?"

"ಕಳಿಸಿದ್ರೆ ನಿನ್ನ ಕೆಲಸ ಹೋಗ್ತಿತ್ತಲ್ಲೇ" ಅಂದ. "ಗಂಡ ಹೋಗಿ ಆಗ ಇನ್ನೂ ಎರಡು ವರ್ಷ ಆಗಿರ್ಲಿಲ್ಲ ನಿಂಗೆ." ಆಮೇಲೆ ಮುಖ ತಿರುಗಿಸಿ, "ಎಸೆಯೋಕೂ ಮನಸ್ಸು ಬರ್ಲಿಲ್ಲ. ಇದ್ರೆ ಒಳ್ಳೇದು ಅಂತ ಇಟ್ಟೆ" ಅಂದು ಸೌದೆಯ ಕಡೆ ಹೋದ.

ಮರುದಿನ ಲೋವಿಸಾ ಬಂದಳು. ಡ್ರಮ್ಮುಗಳನ್ನು ನೋಡಿದಳು, ತಟ್ಟೆಗಳನ್ನು ನೋಡಿದಳು, ಖಾಲಿಯಾದ ಗೋಡೆ ನೋಡಿ ಮೆಚ್ಚಿದಳು. ಯೋರ್ಡಿಸ್ ತನ್ನ ಕೋಣೆಗೆ ಕರೆತಂದು ನಮೂನೆಯನ್ನು ಮುಂದಿಟ್ಟಳು. ಹೊತ್ತಿನ ಕಾಲಮ್ ಪೂರ್ತಿ ತುಂಬಿತ್ತು. ಕೆಳಗೆ ಕಾಫಿಯ ಸಂಗತಿ, ನಲ್ಲಿಯ ಸಂಗತಿ ಅವಳದೇ ಅಕ್ಷರದಲ್ಲಿತ್ತು. ಜೊತೆಗೆ ಎರಡು ಕಾಗದ, ಒಂದು ಹೊಸದು, ಒಂದು ಹಳದಿಯಾದದ್ದು. ಟೋರ್ಕೆಲ್ ಕಿಟಕಿಯ ಹೊರಗೆ ನೋಡುತ್ತಿದ್ದ, ಆದರೆ ತಡೆಯಲಿಲ್ಲ.

ಲೋವಿಸಾ ಬಹಳ ಹೊತ್ತು ಓದಿದಳು. "ಇದಕ್ಕೆ ಆಕ್ಷೇಪಣೆ ಬರೀಲೇಬೇಕಾಗುತ್ತೆ, ಯೋರ್ಡಿಸ್" ಅಂದಳು.

"ಬರಿ. ಅದಕ್ಕೇ ಕೊಟ್ಟಿದ್ದು."

"ಈ ಹಳೇ ಮಾದರಿ ಯಾರದು?"

"ನಮ್ಮಣ್ಣಂದು."

"ಅವ್ರು ಇಷ್ಟು ವರ್ಷ ಸುಮ್ನಿದ್ರಾ? ಯಾಕೆ?"

ಪ್ರತಿಯೊಂದಕ್ಕೂ ಕಡತದಿಂದ ಉತ್ತರ ತೆಗೆದು ಕೊಡುತ್ತಿದ್ದ ಯೋರ್ಡಿಸ್ ಈ ಸಲ ಯಾವ ಕಡತವನ್ನೂ ತೆರೆಯಲಿಲ್ಲ. ಹಸಿರು ಕುರ್ಚಿಯ ಮೇಲಿದ್ದ ಕಡತಗಳನ್ನು ಎತ್ತಿ ನೆಲದ ಮೇಲಿಟ್ಟಳು. ಆಮೇಲೆ ಅದರಲ್ಲಿ ಕೂತಳು.