ಪ್ರಾಮಿಸಿಂಗ್ ಎಂದು ಬರೆಸಿಕೊಂಡ ಸೊಸೆ

ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮನ ಆಳ್ವಿಕೆ ಮುಗಿದು ನಾಲ್ಕು ವರ್ಷ ಕಳೆದಿತ್ತು. ತವರೂರು ಔರಾದಿನಲ್ಲಿ ಒಂದಷ್ಟು ಉರ್ದು ಕಲಿತು, ಮದುವೆಯಾಗಿ ಭಾಲ್ಕಿಗೆ ಬಂದವಳು ನಾನು. ಮಠದ ಪಡಸಾಲೆಯಲ್ಲಿ ಮಧ್ಯಾಹ್ನ ಹೆಂಗಸರಿಗೆ ಕನ್ನಡ ಕಲಿಸುತ್ತಿದ್ದರು. ಅಲ್ಲಿಗೆ ತಪಾಸಣೆಗೆ ಬಂದ ಸಾಹೇಬರು ನನ್ನ ವಹಿಯಲ್ಲಿ ಇಂಗ್ಲಿಷಿನ ಒಂದೇ ಶಬ್ದ ಬರೆದು, ಬೀದರಿನಲ್ಲಿ ಏಳನೆಯ ಇಯತ್ತೆಯ ಪರೀಕ್ಷೆಗೆ ಕೂಡಲು ಹೇಳಿದರು. ಪಾಸಾದರೆ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಬಹುದಿತ್ತು. ನನಗೆ ಅದು ಬೇಕಿತ್ತು.

ಮನೆಯಲ್ಲಿ ನಮ್ಮವರು ವಹಿ ಓದಿದರು. "ಪ್ರಾಮಿಸಿಂಗ್. ಉರ್ದುದಾಗ ಹೋನಹಾರ್ ಅಂತಾರಲ್ಲ, ಅದ. ಈಗ ಏನೂ ಆಗಿಲ್ಲ, ಮುಂದ ಆಗೂ ಲಕ್ಷಣ ಅದ ಅಂತ."

ಅತ್ತೆ ನಕ್ಕರು. "ಎರಡು ಹಡದಾಕಿ ಇನ್ನ ಮುಂದ ಏನ್ ಆಗ್ತಾಳಪ್ಪ? ತಹಶೀಲ್ದಾರ?"

ಓದುವ ಹುಡುಗರಿಗೆ, ಆಗಷ್ಟೇ ಚಿಗುರಿದ ಬೆಳೆಗೆ ಆ ಶಬ್ದ ಹೇಳುವುದಂತೆ, ನಮ್ಮವರೇ ಬಿಡಿಸಿ ಹೇಳಿದರು. ಹೆಸರು ಮಾಡಿದ ವಕೀಲನಿಗೆ ಹೇಳಿದರೆ ಅವಮಾನವಂತೆ. ಒಲೆ ಮುಂದೆ ಕೂತವಳಿಗೆ ಹೇಳಬಾರದೆಂದು ಮಾತ್ರ ಯಾರೂ ಹೇಳಲಿಲ್ಲ.

ಪರೀಕ್ಷೆಯ ದಿನವೇ ಅತ್ತೆ ಜಂಗಮರನ್ನು ಊಟಕ್ಕೆ ಕರೆದರು. ಬೇಕೆಂದೇ ಕರೆದರು. ನಾನು ಕೋಳಿ ಕೂಗುವ ಮೊದಲೇ ಎದ್ದು ಸ್ನಾನ, ಲಿಂಗಪೂಜೆ ಮುಗಿಸಿದೆ. ಶಿವನ ದಯೆ, ಒಲೆ ಒಂದೇ ಊದಿಗೆ ಹತ್ತಿತು, ಕೂಸುಗಳು ಏಳಲಿಲ್ಲ. ರೊಟ್ಟಿ, ಬೇಳೆ, ಹುಗ್ಗಿ ಎಲ್ಲ ಮಾಡಿಟ್ಟು ಸೆರಗು ಸರಿಮಾಡಿಕೊಂಡೆ.

"ಅಯ್ಯನವರಿಗಿ ನೀಡೋರು ಯಾರ?"

"ಅಡಗಿ ಆಗ್ಯದ್ರಿ ಅತ್ತಿ. ನೀಡಲಾಕ ನಿಮ್ಮ ಮಗನಿಗೂ ಎರಡು ಕೈ ಅವ."

"ಹೋಗು, ಹೋಗು. ಬರೂದ್ರೊಳಗ ಬಾಗಲಾ ಹಾಕಿರ್ತೀನಿ."

"ಹಾಕ್ರಿ. ಬಡದು ತೆಗಸ್ತೀನಿ."

ನಮ್ಮವರು ತಲೆ ತಗ್ಗಿಸಿ ನಿಂತಿದ್ದರು. ಬೇಡ ಅನ್ನಲಿಲ್ಲ, ನನಗೆ ಅಷ್ಟೇ ಸಾಕಾಗಿತ್ತು. ಸ್ಟೇಶನ್ನಿಗೆ ಓಡಿದೆ. ಗಾಡಿ ತಡವಾಗಿತ್ತು, ಅದೂ ಶಿವನ ದಯೆಯೇ.

ಫಲಿತಾಂಶ ಬಂತು. ಲೆಕ್ಕದಲ್ಲಿ ಬಿದ್ದಿದ್ದೆ.

"ಮುಗೀತಲ್ಲ ಈಗ?" ಎಂದರು ಅತ್ತೆ.

"ಇಲ್ರಿ. ಲೆಕ್ಕದಾಗ ಅಷ್ಟ ಬಿದ್ದೀನಿ. ಬಾಕಿ ಎಲ್ಲಾದ್ರಾಗ ನಿಂತೀನಿ."

ದೇವರ ಮುಂದೆ ಕೂತು ಕಣ್ಣೀರು ಹಾಕಿದೆ, ನಿಜ. ಸೋತೆನೆಂದಲ್ಲ, ಸಿಟ್ಟಿಗೆ. ರೊಟ್ಟಿ ಬಡಿಯುತ್ತ ಮಗ್ಗಿ ಬಾಯಿಪಾಠ ಮಾಡಿದೆ. ಅತ್ತೆಗೆ ಕೇಳಲೆಂದು ಗಟ್ಟಿಯಾಗಿಯೇ ಹೇಳಿದೆ.

ಮರುವರ್ಷ ಮೂರನೆಯದು ಹೊಟ್ಟೆಯಲ್ಲಿತ್ತು. ಈ ಸ್ಥಿತಿಯಲ್ಲಿ ರೈಲು ಹತ್ತುವುದೇ ಎಂದು ಓಣಿಯವರೆಲ್ಲ ಬುದ್ಧಿ ಹೇಳಿದರು. ಹತ್ತಿದೆ. ಬೀದರಿನ ಪರೀಕ್ಷೆಯ ಕೋಣೆಯಲ್ಲಿ ಬೆಂಚು ಹೊಟ್ಟೆಗೆ ಒತ್ತುತ್ತಿತ್ತು. ಅಡ್ಡ ತಿರುಗಿ ಕೂತು ಬರೆದೆ, ಪಾಸಾದೆ.