ಎಲಿಸಾರಿಯಾ ಬೇಕು ಎಂದು ಬಂದವರು

ಮೋಶಿ ಪಟ್ಟಣದಲ್ಲಿ ಕಿಲಿಮಂಜಾರೋ ಬೆಟ್ಟ ಹತ್ತಿಸುವ ಗೈಡುಗಳಿಗೆ ಲೆಕ್ಕವಿಲ್ಲ. ಅವರೊಳಗೆ ಹೆಸರು ಮಾಡಿದವನು ಎಲಿಸಾರಿಯಾ. ಹತ್ತೊಂಬತ್ತು ವರ್ಷ ಲೇಮಾ ಎಂಬುವವನ ಕಂಪನಿಯಲ್ಲಿ ದುಡಿದ. ಬೆಟ್ಟ ಇಳಿದ ಮೇಲೆ ಗೇಟಿನ ಹತ್ತಿರ ಪ್ರವಾಸಿಗರನ್ನು ಹಿಡಿದು, ನೆಟ್‌ನಲ್ಲಿ ನಾಲ್ಕು ಒಳ್ಳೆ ಮಾತು ಬರೆಯಿರಿ, ನನ್ನ ಹೆಸರು ಮರೆಯಬೇಡಿ ಎಂದು ಬೇಡಿಕೊಳ್ಳುವುದು ಅಲ್ಲಿನ ಗೈಡುಗಳ ಪದ್ಧತಿ. ಇವನೂ ಬೇಡಿದ. ಎಂಟುನೂರು ಮಂದಿ ಬರೆದರು. ಬರೆದದ್ದೆಲ್ಲ ಲೇಮಾನ ಕಂಪನಿಯ ಪುಟದ ಮೇಲೆ. ಅದರ ಅರ್ಥವೇನೆಂದು ಈ ಪುಣ್ಯಾತ್ಮನ ತಲೆಗೆ ಹೋಗಲೇ ಇಲ್ಲ.

ಸ್ವಂತದ್ದೊಂದು ಮಾಡೋಣವೆಂದು ಕೆಲಸ ಬಿಟ್ಟ. ಹೆಂಡತಿಯ ಹೊಲಿಗೆ ಅಂಗಡಿಯ ಮೇಲೆ ಬೋರ್ಡು ಹಾಕಿದ, ವೆಬ್‌ಸೈಟು ಮಾಡಿಸಿದ, ಹೆಸರಿದೆಯಲ್ಲ ಎಂದು ಕಾದು ಕುಳಿತ. ಜನ ಅವನ ಹೆಸರನ್ನೇ ಹುಡುಕಿದರು, ಅದೂ ನಿಜ. ಆದರೆ ಹುಡುಕಿದವರಿಗೆ ಮೊದಲು ಸಿಗುತ್ತಿದ್ದದ್ದು ಲೇಮಾನ ಕಂಪನಿ. ಇವನದು ಆರನೆಯ ಪುಟದ ತಳದಲ್ಲಿ. ಅಲ್ಲಿಯವರೆಗೆ ಯಾವ ದೊರೆಸಾನಿ ಇಳಿದು ಹೋಗುತ್ತಾಳೆ? ಎರಡು ಸೀಸನ್ನು ಕಳೆದರೂ ಒಂದು ಫೋನೂ ಬರಲಿಲ್ಲ. ಒಲೆ ಹೊತ್ತುವುದೇ ಕಷ್ಟವಾಯಿತು.

ಕೊನೆಗೆ ಲೇಮಾನ ಮುಂದೆ ಹೋಗಿ ನಿಂತು, ಆ ಪುಟದಿಂದ ನನ್ನ ಹೆಸರು ತೆಗೆಸಿ ಎಂದ. ಲೇಮಾ ಸುಟ್ಟ ಮೇಕೆ ಮಾಂಸ ಜಗಿಯುತ್ತಲೇ ನಕ್ಕ.

"ಬರೀರಿ ಬರೀರಿ ಅಂತ ಅವರ ಕಾಲಿಗೆ ಬಿದ್ದೋನು ನೀನು ಕಣಯ್ಯ. ಈಗ ನಿನ್ನ ಹೆಸ್ರು ಕೇಳ್ಕೊಂಡು ಬರೋರಿಗೆ ಇಲ್ಲ ಅನ್ನೋಕಾಗುತ್ತಾ? ಅದಕ್ಕೇ ಬೇರೆ ಎಲಿಸಾರಿಯಾನ್ನ ಇಟ್ಕೊಂಡಿದ್ದೀನಿ."

"ಮತ್ತೆ ನಾನು, ಯಜಮಾನ್ರೇ?"

"ಮೂಟೆ ಹೊರೋಕೆ ಒಬ್ಬ ಬೇಕು. ಬರೋದಾದ್ರೆ ಬಾ. ಹೆಸ್ರು ಮಾತ್ರ ಬೇರೆ ಇಟ್ಕೋ."

ಥೂ, ಅವನ ಬಾಯಿಗೆ ಮಣ್ಣು ಹಾಕ. ಎಲಿಸಾರಿಯಾ ಒಪ್ಪಿಕೊಂಡ. ಮಕ್ಕಳು ಹಸಿದಿದ್ದರು.

ಮೊದಲ ಸುತ್ತಿನಲ್ಲೇ ಜರ್ಮನಿಯ ಹೆಂಗಸೊಬ್ಬಳು ಬಂದಳು. ಮೂರನೆಯ ದಿನ ಬಿಡಾರದಲ್ಲಿ ಹೊಸ ಎಲಿಸಾರಿಯಾನ ಎರಡೂ ಕೈ ಹಿಡಿದುಕೊಂಡು ಕಣ್ಣೀರು ಹಾಕಿದಳು.

"ಐದು ವರ್ಷದ ಹಿಂದೆ ನಮ್ಮಮ್ಮ ಒಬ್ರೇ ಬಂದು ಇಲ್ಲಿ ಉಸಿರುಕಟ್ಟಿ ಬಿದ್ದಾಗ, ಬೆನ್ನ ಮೇಲೆ ಹೊತ್ಕೊಂಡು ಇಳಿಸಿದ್ದು ನೀವೇ ಅಲ್ವಾ?"

"ಹೌದಮ್ಮ, ನಾನೇ," ಎಂದ ಅವನು.

ಎರಡು ಮಾರು ದೂರದಲ್ಲಿ ಅವಳದೇ ಮೂಟೆಯ ಹಗ್ಗ ಬಿಚ್ಚುತ್ತಿದ್ದ ನಿಜವಾದ ಎಲಿಸಾರಿಯಾಗೆ ಆ ಮುದುಕಿಯ ಭಾರ ಇನ್ನೂ ನೆನಪಿತ್ತು. ಬಾಯಿ ತೆರೆದರೆ ಕೆಲಸ ಹೋಗುತ್ತದೆ. ಹಗ್ಗದ ಗಂಟು ಬಿಚ್ಚುತ್ತಲೇ ಇದ್ದ. ಹೆಂಗಸು ಅವನನ್ನು ಕರೆದು ತನ್ನ ಫೋನು ಕೈಗಿತ್ತು, ಇವರ ಜೊತೆ ನನ್ನದೊಂದು ಫೋಟೋ ತೆಗೆ ಎಂದಳು.

ತೆಗೆದ. ಹಿಂದಿನ ಶಿಖರ ಬರಲಿಲ್ಲವೆಂದು ಇನ್ನೊಮ್ಮೆ ತೆಗೆಸಿದಳು. ಊರಿಗೆ ಹೋದ ಮೇಲೆ ಅದನ್ನು ಲೇಮಾನ ಪುಟದಲ್ಲಿ ಹಾಕಿದಳು. ಈಗ ಎಲಿಸಾರಿಯಾ ಎಂದು ಯಾರೇ ಹುಡುಕಲಿ, ಎಲ್ಲಕ್ಕಿಂತ ಮೊದಲು ಬರುವುದು ಆ ಫೋಟೋ.